ನಿನ್ನೆ ಬಂದದ್ದು ಇವತ್ತೂ ಬರಬೇಕು

ರಂಗಕಲೆಯ ಪದವಿಗೆ ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ಅಭಿನಯ ತಮಗೆ ಅದಾಗಲೇ ಒಲಿದಿದೆ ಎಂಬ ನಂಬಿಕೆಯಿಂದಲೇ ಬರುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಗಿಟ್ಟಿಸಿದವರು, ಹವ್ಯಾಸಿ ತಂಡದಲ್ಲಿ ಒಂದೆರಡು ಪಾತ್ರ ಮಾಡಿದವರು, ಕನ್ನಡಿಯ ಮುಂದೆ ನಿಂತು ಮಾತು ಒಪ್ಪಿಸಿ ತಮ್ಮನ್ನು ತಾವೇ ಮೆಚ್ಚಿಕೊಂಡವರು ಎಂದು ಇವರನ್ನು ವಿಂಗಡಿಸಬಹುದಾದರೆ, ಈ ಮೂರೂ ಗುಂಪಿನಲ್ಲಿ ನನಗೆ ಜಾಗವಿತ್ತು. ಪದವಿ ಮುಗಿಸಿ ಅದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಈಗ, ಆ ಓದಿನಿಂದ ಸಿಕ್ಕಿದ್ದೇನು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಒಂದು ದೃಶ್ಯವನ್ನು ಒಮ್ಮೆ ಚೆನ್ನಾಗಿ ಅಭಿನಯಿಸುವುದಕ್ಕೆ ಕಾಲೇಜು ಬೇಕಾಗಿಲ್ಲ. ನೆಗಡಿಯಾಗಿರುವಾಗಲೂ, ಪ್ರೇಕ್ಷಾಗೃಹ ಅರ್ಧ ಖಾಲಿಯಿರುವಾಗಲೂ, ಎದುರಿನ ನಟ ಅರ್ಧ ಮಾತು ನುಂಗಿದಾಗಲೂ, ನಿನ್ನೆ ಬಂದದ್ದು ಇವತ್ತೂ ಬರುವಂತೆ ಮಾಡಿಕೊಳ್ಳುವ ವಿದ್ಯೆಯನ್ನು ಮಾತ್ರ ಕೂತು ಕಲಿಯಬೇಕು.

ಪ್ರವೇಶದ ಆಡಿಷನ್ನಿನಲ್ಲಿಯೇ ಇದರ ಸುಳಿವು ಸಿಕ್ಕಿತ್ತು. ಒಂದು ಹಳೆಯ ನಾಟಕದಿಂದ, ಇನ್ನೊಂದು ಈಚಿನ ನಾಟಕದಿಂದ ಎರಡು ಚಿಕ್ಕ ಸ್ವಗತಗಳನ್ನು ಸಿದ್ಧಪಡಿಸಿಕೊಂಡು ಬರುವಂತೆ ಹೇಳಿದ್ದರು. ನಾನು ಮೊದಲನೆಯದನ್ನು ಸಾಕಷ್ಟು ಅಬ್ಬರದಿಂದಲೇ ಒಪ್ಪಿಸಿದೆ. ಮೇಜಿನ ಹಿಂದೆ ಕುಳಿತಿದ್ದ ಅಧ್ಯಾಪಕಿಯೊಬ್ಬರು, “ಪಕ್ಕದಲ್ಲಿ ಮಗು ಮಲಗಿದೆ ಅಂದುಕೊಳ್ಳಿ, ಅದಕ್ಕೆ ಎಚ್ಚರವಾಗದ ಹಾಗೆ ಇದನ್ನೇ ಹೇಳಿ” ಎಂದರು. ಅದು ಒಂದು ರೀತಿಯಲ್ಲಿ ಆಟದಂತಿದ್ದುದರಿಂದ ಬೇಗ ಸಾಧ್ಯವಾಯಿತು. “ಈಗ ಮೊದಲ ಸಲ ಮಾಡಿದಿರಲ್ಲ, ಹಾಗೆಯೇ ಮಾಡಿ” ಎಂದಾಗ ಮಾತ್ರ ನಾನು ಮೊದಲ ಸಲ ಏನು ಮಾಡಿದ್ದೆ ಎಂಬುದೇ ನೆನಪಿಗೆ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಆಡಿಷನ್ನಿಗೆ ಬಂದವರನ್ನು ಒಳಗೆ ಕರೆಯುವ ಕೆಲಸ ನಮ್ಮ ಪಾಲಿಗೆ ಬಂದಾಗ, ಮೇಜಿನ ಆ ಬದಿಯಲ್ಲಿ ಏನು ಬರೆದುಕೊಳ್ಳುತ್ತಾರೆ ಎಂಬುದೂ ತಿಳಿಯಿತು. ಸೂಚನೆಯನ್ನು ಪೂರ್ತಿ ಕೇಳಿಸಿಕೊಂಡರೇ, ಕೇಳಿದ ಮೇಲೆ ಏನಾದರೂ ಬದಲಾಯಿತೇ ಎಂಬೆರಡೇ ಅವರಿಗೆ ಮುಖ್ಯವಾಗಿತ್ತು.

ಮೊದಲ ವರ್ಷದಲ್ಲಿ ನಾಟಕವೇ ಇರಲಿಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ. ಬೆಳಗಿನ ಹೊತ್ತು ದೇಹ ಮತ್ತು ಧ್ವನಿ, ಮಧ್ಯಾಹ್ನ ರಂಗಭೂಮಿಯ ಇತಿಹಾಸ ಮತ್ತು ನಾಟಕ ಸಾಹಿತ್ಯ, ಸಂಜೆ ಹಿರಿಯ ವಿದ್ಯಾರ್ಥಿಗಳ ತಾಲೀಮಿನಲ್ಲಿ ಕುರ್ಚಿ ಎತ್ತಿಡುವ ಕೆಲಸ. ಧ್ವನಿಯ ತರಗತಿ ನೆಲದ ಮೇಲೆ ಅಂಗಾತ ಮಲಗುವುದರಿಂದ ಆರಂಭವಾಗುತ್ತಿತ್ತು. ತಲೆಯ ಕೆಳಗೆ ತೆಳ್ಳನೆಯ ಒಂದು ಪುಸ್ತಕ, ಮಂಡಿಗಳು ಮೇಲಕ್ಕೆ, ಪಾದಗಳು ನೆಲಕ್ಕೆ ಊರಿರಬೇಕು. ಈ ಭಂಗಿ ಎಫ್. ಎಂ. ಅಲೆಕ್ಸಾಂಡರ್ ಅವರ ಪದ್ಧತಿಯಿಂದ ಬಂದದ್ದು. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ಅವರು ವೇದಿಕೆಯ ಮೇಲೆ ವಾಚನ ಮಾಡಿ ಬದುಕುತ್ತಿದ್ದವರು. ವಾಚನದ ನಡುವೆ ಧ್ವನಿ ಕಟ್ಟಿಹೋಗತೊಡಗಿದಾಗ, ವೈದ್ಯರಿಂದ ಕಾರಣ ಸಿಗದೆ, ಕನ್ನಡಿಗಳ ಮುಂದೆ ನಿಂತು ತಮ್ಮನ್ನೇ ದೀರ್ಘಕಾಲ ಗಮನಿಸಿದರು. ಮಾತು ಶುರುಮಾಡುವ ಕ್ಷಣದಲ್ಲಿ ತಲೆಯನ್ನು ಹಿಂದಕ್ಕೆಳೆದು, ಗಂಟಲನ್ನು ಒತ್ತಿ, ಬಾಯಿಂದ ಉಸಿರು ಸೆಳೆಯುತ್ತಿದ್ದುದು ಅವರ ಕಣ್ಣಿಗೆ ಬಿದ್ದದ್ದು ಆಗ. ನಮ್ಮ ತರಗತಿಯಲ್ಲೂ ಒಬ್ಬೊಬ್ಬರನ್ನೇ ನಿಲ್ಲಿಸಿ ಮಾತಾಡಿಸಿದಾಗ, ಹೆಚ್ಚುಕಡಿಮೆ ಎಲ್ಲರೂ ಮೊದಲ ಅಕ್ಷರಕ್ಕೆ ಮುಂಚೆ ಗದ್ದವನ್ನು ಮುಂದಕ್ಕೆ ಚಾಚುತ್ತಿದ್ದೆವು.

ಆಮೇಲೆ ಉಸಿರು. ಪಕ್ಕೆಲುಬುಗಳು ಪಕ್ಕಕ್ಕೂ ಬೆನ್ನಿನ ಕಡೆಗೂ ಹಿಗ್ಗಬೇಕು, ಹೆಗಲು ಏರಬಾರದು. ಜೊತೆಗಾರರ ಬೆನ್ನಿನ ಕೆಳಭಾಗಕ್ಕೆ ಅಂಗೈ ಇಟ್ಟು ಆ ಹಿಗ್ಗುವಿಕೆ ಸಿಗುತ್ತದೆಯೇ ಎಂದು ಕಾಯುತ್ತ ಕೂರುವುದೇ ಎಷ್ಟೋ ದಿನಗಳ ಪಾಠವಾಗಿತ್ತು. ಮಾತಾಡುವಾಗ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರವು ಇನ್ನೂರರ ಆಸುಪಾಸು ಕಂಪಿಸುತ್ತವೆ. ಎರಡು ಗಂಟೆಯ ನಾಟಕದಲ್ಲಿ ಅವು ಎಷ್ಟು ಬಾರಿ ಒಂದಕ್ಕೊಂದು ತಾಗುತ್ತವೆ ಎಂದು ಲೆಕ್ಕ ಹಾಕಿದರೆ, ಕಿರುಚುವುದಕ್ಕೂ ಧ್ವನಿ ತಲುಪಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲ ವರ್ಷದಲ್ಲೇ ಏಕೆ ಕಲಿಸುತ್ತಾರೆ ಎಂಬುದು ಅರ್ಥವಾಗುತ್ತದೆ. ಗಂಟಲು ಕೆಟ್ಟಾಗ ಪಿಸುಗುಟ್ಟಿದರೆ ಅದಕ್ಕೆ ವಿಶ್ರಾಂತಿ ಸಿಗುತ್ತದೆ ಎಂದು ನಾವು ನಂಬಿದ್ದೆವು. ಪಿಸುಮಾತಿನಲ್ಲೂ ಗಂಟಲು ಬಿಗಿಯುತ್ತದೆ, ವಿಶ್ರಾಂತಿ ಬೇಕಾದರೆ ಸುಮ್ಮನಿರಿ ಎಂದು ನಮ್ಮ ಮೇಷ್ಟ್ರು ಖಡಾಖಂಡಿತವಾಗಿ ಹೇಳುತ್ತಿದ್ದರು.

ಕನ್ನಡದಲ್ಲಿ ಅಭಿನಯಿಸುವವರಿಗೆ ಇದರಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ, ಉಸಿರು ಮುಗಿಯುವುದೂ ಅಲ್ಲಿಯೇ. “ನಾನು ನಾಳೆ ಅವರ ಮನೆಗೆ” ಎಂಬಲ್ಲಿಯವರೆಗೆ ಗಟ್ಟಿಯಾಗಿ ಕೇಳಿಸಿ, ಮುಂದಿನದು “ಹೋಗುತ್ತೇನೆ” ಎಂದೋ “ಹೋಗುವುದಿಲ್ಲ” ಎಂದೋ ಕೊನೆಯ ಸಾಲಿನಲ್ಲಿ ಕುಳಿತವರಿಗೆ ತಿಳಿಯದೇ ಹೋದರೆ ನಾಟಕದ ಕಥೆಯೇ ತಿರುಗಿಬಿಡುತ್ತದೆ. ವಾಕ್ಯದ ಬಾಲವನ್ನು ಎತ್ತಿ ಹಿಡಿಯುವ ಅಭ್ಯಾಸವನ್ನು ನಾವು ಎಷ್ಟು ಮಾಡಿದೆವೆಂದರೆ, ಮನೆಯಲ್ಲಿ ಫೋನಿನಲ್ಲಿ ಮಾತಾಡುವಾಗಲೂ ಅದೇ ಧಾಟಿ ಬಂದು ಅಮ್ಮ “ಯಾಕೆ ಹೀಗೆ ಭಾಷಣ ಮಾಡ್ತೀಯ?” ಎಂದು ಗದರಿಸುವ ಹಾಗಾಗಿತ್ತು. ಅಲ್ಪಪ್ರಾಣ, ಮಹಾಪ್ರಾಣಗಳ ತಿದ್ದುಪಡಿ ಬೇರೆಯೇ ಒಂದು ಯುದ್ಧ. ಅದರ ವಿವರ ಇಲ್ಲಿ ಬೇಡ.

ದೇಹದ ತರಗತಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನೃತ್ಯ ಸಂಯೋಜಕ ರುಡಾಲ್ಫ್ ಲಾಬಾನ್ ಅವರ ಚಲನೆಯ ವಿಂಗಡಣೆ. ಒಂದು ಚಲನೆಯ ಭಾರ ಎಷ್ಟು, ಅದು ತಟ್ಟನೆ ಆಗುತ್ತದೆಯೋ ನಿಧಾನವಾಗಿಯೋ, ನೇರವಾಗಿ ಹೋಗುತ್ತದೆಯೋ ಸುತ್ತಿ ಬಳಸಿಯೋ ಎಂಬ ಮೂರು ಪ್ರಶ್ನೆಗಳಿಂದ ಅವರು ಒತ್ತುವುದು, ಗುದ್ದುವುದು, ಹಿಂಡುವುದು, ಬೀಸಿ ಹೊಡೆಯುವುದು, ತಟ್ಟುವುದು, ಕೊಡಹುವುದು, ಜಾರುವುದು, ತೇಲುವುದು ಎಂಬ ಎಂಟು ಬಗೆಗಳನ್ನು ಪಡೆದರು. “ಬಾಗಿಲು ಹಾಕು” ಎಂಬ ಎರಡು ಪದಗಳನ್ನು ಈ ಎಂಟು ಬಗೆಗಳಲ್ಲಿ ಹೇಳಿ ನೋಡಿದಾಗ, ಕೋಪ, ಅಕ್ಕರೆ, ಉದಾಸೀನಗಳು ಯಾರೂ ಕರೆಯದೆಯೇ ಮಾತಿನೊಳಗೆ ಬಂದು ಕೂರುತ್ತಿದ್ದವು. ಭಾವವನ್ನು ಹೇಗೆ ತರುವುದು ಎಂದು ಹೆಣಗುತ್ತಿದ್ದವರಿಗೆ, ಕೈಗೆ ಸಿಗುವಂಥ ಒಂದು ಹಿಡಿಕೆ ಅದು. ನಿನ್ನೆ ಹಿಂಡಿದ್ದನ್ನು ಇವತ್ತೂ ಹಿಂಡಬಹುದು. ನಿನ್ನೆ ಬಂದ ದುಃಖವನ್ನು ಹಾಗೆ ಕರೆತರಲಾಗುವುದಿಲ್ಲ.

ಥಿಯರಿ ತರಗತಿಗಳನ್ನು ನಮ್ಮಲ್ಲಿ ಅನೇಕರು ನಿದ್ದೆಯ ಅವಧಿಯೆಂದೇ ಭಾವಿಸಿದ್ದರು. ಬೆಳಗ್ಗೆಯೆಲ್ಲ ನೆಲದ ಮೇಲೆ ಉರುಳಾಡಿದ ದೇಹಕ್ಕೆ ಊಟದ ನಂತರ ಗ್ರೀಕ್ ರಂಗಮಂದಿರದ ನಕ್ಷೆಯ ಮುಂದೆ ಎಚ್ಚರವಿರುವುದು ಸುಲಭವಲ್ಲ. ಆದರೂ ನಾನು ಹೇಳುತ್ತಿರುವ ಪ್ರಶ್ನೆಗೆ ಉತ್ತರ ಹುಡುಕಿದವರನ್ನು ನಾನು ಭೇಟಿಯಾದದ್ದು ಅಲ್ಲಿಯೇ. ಭರತನ ನಾಟ್ಯಶಾಸ್ತ್ರವು ಆಂಗಿಕ (ದೇಹದ್ದು), ವಾಚಿಕ (ಮಾತಿನದು), ಆಹಾರ್ಯ (ವೇಷಭೂಷಣದ್ದು), ಸಾತ್ತ್ವಿಕ (ಒಳಗಿನ ಭಾವದಿಂದ ಮೈಯಲ್ಲಿ ತೋರುವುದು) ಎಂಬ ನಾಲ್ಕು ಅಭಿನಯಗಳನ್ನು ಹೇಳುತ್ತದೆ ಎಂಬುದು ಪರೀಕ್ಷೆಗಾಗಿ ಎಲ್ಲರೂ ಬಾಯಿಪಾಠ ಮಾಡುವ ಸಂಗತಿ. ಮೊದಲ ಮೂರನ್ನು ತಾಲೀಮಿನಿಂದ ಸಾಧಿಸಬಹುದು. ನಾಲ್ಕನೆಯದರಲ್ಲಿ ಬರುವ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಎಂಬ ಎಂಟರಲ್ಲಿ ಬೆವರನ್ನಾಗಲಿ ಮೈಬಣ್ಣ ಬದಲಾಗುವುದನ್ನಾಗಲಿ ಆಜ್ಞೆ ಮಾಡಿ ತರುವುದು ಹೇಗೆ? ಮನಸ್ಸಿನ ಏಕಾಗ್ರತೆಯಿಂದ ಅವು ಹುಟ್ಟುತ್ತವೆ ಎಂಬುದು ಭರತನ ಉತ್ತರ.

ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕ ದೆನಿ ದಿದೆರೋ ಇದಕ್ಕೆ ತೀರ ಎದುರಾದ ದಿಕ್ಕಿನಿಂದ ಬರುತ್ತಾರೆ. ಅವರು ತೀರಿಕೊಂಡು ಬಹಳ ಕಾಲದ ಮೇಲೆ, 1830ರಲ್ಲಿ ಪ್ರಕಟವಾದ ಸಂವಾದವೊಂದರಲ್ಲಿ ಅವರು ಮಂಡಿಸುವ ವಾದದ ಪ್ರಕಾರ, ನಿಜವಾಗಿ ಭಾವಿಸುತ್ತ ಅಭಿನಯಿಸುವ ನಟ ಇವತ್ತು ಅದ್ಭುತವಾಗಿ ಮಾಡಿ ನಾಳೆ ಸೋಲುತ್ತಾನೆ. ತಣ್ಣಗಿನ ತಲೆಯಿಂದ ಗಮನಿಸಿ, ಲೆಕ್ಕ ಹಾಕಿ ಅಭಿನಯಿಸುವವನು ಪ್ರತಿ ಸಲವೂ ಒಂದೇ ಮಟ್ಟದಲ್ಲಿರುತ್ತಾನೆ. ಇದನ್ನು ಓದಿದ ವಾರ ನಮ್ಮ ತರಗತಿ ಎರಡು ಪಕ್ಷವಾಗಿ ಒಡೆಯಿತು, ಊಟದ ಮೇಜಿನಲ್ಲೂ ಅದೇ ಜಗಳ. ರಷ್ಯದ ನಟ, ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯನ್ನು ನಾವೆಲ್ಲ ಭಾವಸ್ಮೃತಿಯ, ಅಂದರೆ ಹಿಂದೆ ಅನುಭವಿಸಿದ ಭಾವವನ್ನು ನೆನೆದು ಅಭಿನಯಿಸುವವರ, ಪಕ್ಷಕ್ಕೆ ಸೇರಿಸಿಕೊಂಡಿದ್ದೆವು. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಅದೇ ಸ್ಟಾನಿಸ್ಲಾವ್‌ಸ್ಕಿ, 1938ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷಗಳಲ್ಲಿ ಭಾವನೆಯ ಬೆನ್ನು ಹತ್ತುವುದಕ್ಕಿಂತ ದೈಹಿಕ ಕ್ರಿಯೆಗಳ ಸರಣಿಯನ್ನು ನಿಖರವಾಗಿ ಕಟ್ಟಿಕೊಳ್ಳುವುದರ ಕಡೆಗೆ ವಾಲಿದ್ದರು ಎಂದು ತಿಳಿದಾಗ ಜಗಳಕ್ಕೆ ಹೊಸ ತಿರುವು ಸಿಕ್ಕಿತು. ಮೂವರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಭಾಷೆಯಲ್ಲಿ ಒಂದೇ ತೊಂದರೆಯನ್ನು ಎದುರಿಸುತ್ತಿದ್ದರು ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆಯಲ್ಲಿ ಹಾಗೆ ಬರೆದದ್ದಕ್ಕೆ ಅಂಕವೇನೂ ಹೆಚ್ಚು ಬರಲಿಲ್ಲ.

ಎರಡನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಸೆಮಿಸ್ಟರ್ ನೇಪಥ್ಯದಲ್ಲಿ ಕೆಲಸ ಮಾಡಲೇಬೇಕೆಂಬ ನಿಯಮವಿತ್ತು. ಬೆಳಕು, ವೇಷಭೂಷಣ, ಪರಿಕರ ಎಂದು ಹಂಚುವಾಗ ನನ್ನ ಪಾಲಿಗೆ ಸ್ಟೇಜ್ ಮ್ಯಾನೇಜರ್ ಕೆಲಸ ಬಂತು. ನಟನೆಗೆಂದು ಬಂದವರಿಗೆ ಇದು ಶಿಕ್ಷೆಯಂತೆ ಕಾಣುತ್ತದೆ, ನನಗೂ ಹಾಗೆಯೇ ಕಂಡಿತು. ಇಡೀ ಪದವಿಯಲ್ಲಿ ನಾನು ಅಭಿನಯದ ಬಗ್ಗೆ ಅತಿ ಹೆಚ್ಚು ಕಲಿತದ್ದು ರಂಗದ ಮೇಲೆ ಕಾಲಿಡದ ಆ ತಿಂಗಳುಗಳಲ್ಲಿ.

ಸ್ಟೇಜ್ ಮ್ಯಾನೇಜರ್ ಕೈಯಲ್ಲಿರುವ ಪ್ರಾಂಪ್ಟ್ ಪುಸ್ತಕದಲ್ಲಿ ಒಂದು ಪುಟದಲ್ಲಿ ನಾಟಕದ ಪಠ್ಯವಿರುತ್ತದೆ, ಎದುರಿನ ಪುಟ ಖಾಲಿ. ಆ ಖಾಲಿ ಪುಟದಲ್ಲಿ ಯಾರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ನಡೆದರು, ಲೋಟವನ್ನು ಯಾವ ಕೈಯಲ್ಲಿ ಎತ್ತಿಕೊಂಡರು, ಬಾಗಿಲು ತೆರೆದೇ ಇತ್ತೋ ಮುಚ್ಚಿತ್ತೋ ಎಂಬುದೆಲ್ಲ ದಾಖಲಾಗಬೇಕು. ಬರೆಯುವುದು ಪೆನ್ಸಿಲ್ಲಿನಲ್ಲಿ, ಏಕೆಂದರೆ ನಿರ್ದೇಶಕರ ಮನಸ್ಸು ನಾಳೆ ಬದಲಾಗುತ್ತದೆ. ಎಡ ಬಲಗಳು ಪ್ರೇಕ್ಷಕರ ಕಡೆಗೆ ಮುಖ ಮಾಡಿ ನಿಂತ ನಟನ ಎಡ ಬಲಗಳು. ಕುರ್ಚಿಯ ಕಾಲು ಇರಬೇಕಾದ ಜಾಗಕ್ಕೆ ನೆಲದ ಮೇಲೆ ಬಣ್ಣದ ಟೇಪಿನ ಚೂರು ಅಂಟಿಸಬೇಕು, ಒಂದೊಂದು ದೃಶ್ಯಕ್ಕೆ ಒಂದೊಂದು ಬಣ್ಣ. ಕುರ್ಚಿ ಒಂದು ಗೇಣು ಸರಿದರೂ ಸ್ಪಾಟ್ ಲೈಟಿನ ಅಂಚು ನಟನ ಹಣೆಯ ಮೇಲೆ ಬಿದ್ದು ಕಣ್ಣು ಕತ್ತಲಿನಲ್ಲಿ ಉಳಿಯುತ್ತದೆ.

ಪ್ರದರ್ಶನದ ಹೊತ್ತಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕ್ಯೂ, ಅಂದರೆ ಬೆಳಕು ಯಾವಾಗ ಬದಲಾಗಬೇಕೆಂಬಂಥ ಸೂಚನೆ, ಕೊಡುವುದು ಇನ್ನೊಂದು ಶಿಸ್ತು. ಮೊದಲು “ಲೈಟ್ ಕ್ಯೂ 23, ಸ್ಟ್ಯಾಂಡ್‌ಬೈ” ಎಂದು ಎಚ್ಚರಿಸಬೇಕು, ಬೆಳಕಿನವರು ಸಿದ್ಧ ಎಂದು ಮರುನುಡಿಯಬೇಕು, ಆಮೇಲೆ “ಲೈಟ್ ಕ್ಯೂ 23, ಗೋ”. “ಗೋ” ಎಂಬುದು ಯಾವಾಗಲೂ ಕೊನೆಯಲ್ಲಿಯೇ ಬರಬೇಕು, ಬೇರೆ ಯಾವ ಮಾತಿನ ನಡುವೆಯೂ ಹೆಡ್‌ಸೆಟ್ಟಿನಲ್ಲಿ ಆ ಪದ ಬರಕೂಡದು. ಅದು ಕಿವಿಗೆ ಬಿದ್ದ ಕ್ಷಣವೇ ಯಾರದೋ ಬೆರಳು ಗುಂಡಿಯನ್ನು ಒತ್ತಿರುತ್ತದೆ. ಕಷ್ಟವಿರುವುದು ಆ ಪದವನ್ನು ಯಾವ ಕ್ಷಣದಲ್ಲಿ ಉಚ್ಚರಿಸಬೇಕು ಎಂಬಲ್ಲಿ. ದೀಪ ಐದು ಸೆಕೆಂಡಿನಲ್ಲಿ ನಿಧಾನವಾಗಿ ಆರಬೇಕಿದ್ದು, ನಟಿಯ ಕೊನೆಯ ಮಾತಿನ ಜೊತೆಗೇ ಕತ್ತಲೆ ಪೂರ್ತಿಯಾಗಬೇಕಿದ್ದರೆ, ಅವಳು ಆ ಮಾತು ಶುರುಮಾಡುವುದಕ್ಕೂ ಮುಂಚೆಯೇ ಕ್ಯೂ ಕೊಟ್ಟಿರಬೇಕು. ಹಾಗಾಗಿ ನಾನು ಅವಳ ಮಾತನ್ನು ಬಿಟ್ಟು ಉಸಿರನ್ನು ನೋಡತೊಡಗಿದೆ. ಕತ್ತಿನ ಬುಡದ ಗುಳಿ ಒಳಕ್ಕೆ ಸೆಳೆದುಕೊಂಡರೆ ಮಾತು ಬರುತ್ತದೆ ಎಂದರ್ಥ, ಆಗ ಗೋ.

ಪ್ರತಿ ಪ್ರದರ್ಶನದ ನಂತರ ಒಂದು ವರದಿ ಬರೆಯಬೇಕಿತ್ತು, ಅದರಲ್ಲಿ ಒಂದೊಂದು ಅಂಕಕ್ಕೂ ಹಿಡಿದ ಸಮಯವನ್ನು ನಮೂದಿಸಬೇಕಿತ್ತು. ಒಂದು ರಾತ್ರಿ ಮೊದಲ ಅಂಕ ನಾಲ್ಕು ನಿಮಿಷ ಹೆಚ್ಚು ತೆಗೆದುಕೊಂಡಿತು. ಒಂದು ಮಾತೂ ಹೊಸದಾಗಿ ಸೇರಿರಲಿಲ್ಲ, ಯಾರೂ ಮಾತು ಮರೆತಿರಲಿಲ್ಲ. ಮುಖ್ಯ ಪಾತ್ರ ಮಾಡುತ್ತಿದ್ದ ನನ್ನ ಸಹಪಾಠಿ ಹೊರಗೆ ಬಂದವನೇ, ಇವತ್ತಿನ ಹಾಗೆ ನನಗೆ ಎಂದೂ ಒಳಗಿನಿಂದ ಬಂದಿರಲಿಲ್ಲ ಎಂದು ಕಣ್ಣೊರೆಸಿಕೊಂಡ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ರಂಗದ ಬದಿಯ ಮರೆಯಲ್ಲಿ, ವಿಂಗ್ಸಿನ ಪಕ್ಕದಲ್ಲಿ ಕುಳಿತಿದ್ದ ನನಗೆ ಸಭಾಂಗಣದಿಂದ ಕೆಮ್ಮು ಕೇಳಿಸಿತ್ತು, ಕುರ್ಚಿಗಳು ಕಿರುಗುಟ್ಟಿದ್ದವು, ಹಿಂದಿನ ರಾತ್ರಿ ಎಲ್ಲರೂ ಉಸಿರು ಹಿಡಿದು ಕೂತಿದ್ದ ಜಾಗದಲ್ಲಿಯೇ ಯಾರದೋ ಫೋನಿನ ಬೆಳಕು ಹೊತ್ತಿತ್ತು. ಆ ನಾಲ್ಕು ನಿಮಿಷ ಅವನ ಮೌನಗಳೊಳಗೆ ಹಂಚಿಹೋಗಿತ್ತು. ದಿದೆರೋ ಹೇಳಿದ್ದನ್ನು ನಾನು ಸ್ಟಾಪ್‌ವಾಚಿನಲ್ಲಿ ಓದಿದೆ.

ಬೆಳಕಿನ ವಿನ್ಯಾಸದ ಪಾಠವೂ ಆಗಲೇ ಒಂದಿಷ್ಟು ದಕ್ಕಿತು. ನಟನ ಮುಖಕ್ಕೆ ಎರಡು ಬದಿಗಳಿಂದ, ಸುಮಾರು 45 ಡಿಗ್ರಿ ಕೋನದಲ್ಲಿ, ಒಂದು ಕಡೆ ಬೆಚ್ಚನೆಯ ಬಣ್ಣ, ಇನ್ನೊಂದು ಕಡೆ ತಂಪು ಬಣ್ಣ ಕೊಡುವ ಕ್ರಮವನ್ನು ಅಮೆರಿಕದ ಸ್ಟಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲಿ ವಿವರಿಸಿದ್ದರು. ಇಂದಿಗೂ ಆರಂಭಿಕರಿಗೆ ಕಲಿಸುವುದು ಅದನ್ನೇ. ಬೆಳಕಿನಲ್ಲಿ ಕೆಂಪೂ ಹಸಿರೂ ಸೇರಿದರೆ ಹಳದಿಯಾಗುತ್ತದೆ ಎಂಬುದು ಮಾತ್ರ, ಬಣ್ಣದ ಡಬ್ಬಿಯ ಅಭ್ಯಾಸವಿದ್ದ ನನ್ನ ತಲೆಗೆ ಬಹಳ ದಿನ ಇಳಿಯಲಿಲ್ಲ.

ರಂಗದ ಮೇಲಿನ ಹೊಡೆದಾಟದ ತರಗತಿಯ ಬಗ್ಗೆಯೂ ಹೇಳಬೇಕು. ಕೆನ್ನೆಗೆ ಹೊಡೆಯುವ ದೃಶ್ಯದಲ್ಲಿ ಕೈ ಕೆನ್ನೆಯನ್ನು ಮುಟ್ಟುವುದೇ ಇಲ್ಲ, ಸದ್ದನ್ನು ಇಬ್ಬರಲ್ಲೊಬ್ಬರು ಪ್ರೇಕ್ಷಕರಿಗೆ ಕಾಣದಂತೆ ಚಪ್ಪಾಳೆಯಿಂದ ಮಾಡುತ್ತಾರೆ. ಕೂದಲು ಹಿಡಿದು ಎಳೆದಾಡುವ ದೃಶ್ಯದಲ್ಲಿ ಚಲನೆಯ ಹಿಡಿತವಿರುವುದು ಎಳೆಸಿಕೊಳ್ಳುವವರ ಕೈಯಲ್ಲಿ, ಎಳೆಯುವವರು ಮುಷ್ಟಿಯನ್ನು ತಲೆಯ ಮೇಲೆ ಸುಮ್ಮನೆ ಇಟ್ಟಿರುತ್ತಾರೆ. ಕಣ್ಣಿನಲ್ಲಿ ಕಣ್ಣಿಟ್ಟು ಒಪ್ಪಿಗೆ ಸಿಕ್ಕಿದ ಮೇಲೆಯೇ ಕೈ ಎತ್ತಬೇಕು. ಈ ತರಗತಿಯಲ್ಲಿ “ಆವೇಶದಲ್ಲಿ ಆಗಿಹೋಯಿತು” ಎಂಬ ಸಮಜಾಯಿಷಿಗೆ ಜಾಗವೇ ಇರಲಿಲ್ಲ. ಅಭಿನಯದ ತರಗತಿಯಲ್ಲೂ ಅಷ್ಟೇ ಕಟ್ಟುನಿಟ್ಟು ಇದ್ದಿದ್ದರೆ ಚೆನ್ನಾಗಿತ್ತು.

ಅಂಕಗಳ ವಿಚಾರದಲ್ಲಿ ನನ್ನ ತಕರಾರು ಇಂದಿಗೂ ಉಳಿದಿದೆ. ಗುಂಪಾಗಿ ಕಟ್ಟಿದ ಕಿರುನಾಟಕಕ್ಕೆ ಎಲ್ಲರಿಗೂ ಒಂದೇ ಅಂಕ ಕೊಡುವ ಪದ್ಧತಿಯಲ್ಲಿ, ತಾಲೀಮಿಗೆ ತಡವಾಗಿ ಬಂದವರೂ ರಾತ್ರಿಯಿಡೀ ಪರದೆ ಹೊಲಿದವರೂ ಒಂದೇ ತಕ್ಕಡಿಯಲ್ಲಿ ಕೂರುತ್ತಿದ್ದರು. ಇದನ್ನು ಸರಿದೂಗಿಸಲು ಪ್ರತಿಯೊಬ್ಬರೂ ತಾಲೀಮಿನ ದಿನಚರಿ ಬರೆದು ಸಲ್ಲಿಸಬೇಕಿತ್ತು. ಕೆಲವರು ಅದನ್ನು ಕೊನೆಯ ರಾತ್ರಿ ಬೇರೆ ಬೇರೆ ಬಣ್ಣದ ಪೆನ್ನು ಹಿಡಿದು ಒಟ್ಟಿಗೆ ಬರೆದು ಮುಗಿಸುತ್ತಿದ್ದರು. ದಿನವೂ ಬರೆದವರ ದಿನಚರಿಯಲ್ಲಿ ಮಾತ್ರ “ಇವತ್ತು ಈ ಜಾಗ ಸತ್ತಿತ್ತು, ಕಾರಣ ಗೊತ್ತಾಗಲಿಲ್ಲ” ಎಂಬಂಥ ವಾಕ್ಯಗಳಿರುತ್ತಿದ್ದವು. ಪರೀಕ್ಷಕರಿಗೆ ಆ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತಿತ್ತೆಂದು ನನಗನ್ನಿಸುತ್ತದೆ.

ಕೊನೆಯ ವರ್ಷದ ನಾಟಕದಲ್ಲಿ ನನಗೆ ಸಿಕ್ಕಿದ್ದು ಚಿಕ್ಕ ಪಾತ್ರ, ಆದರೆ ಅದರಲ್ಲೊಂದು ಪತ್ರ ಓದುವ ದೃಶ್ಯವಿತ್ತು. ಸಾವಿನ ಸುದ್ದಿಯ ಪತ್ರ. ಮೊದಲ ಓದಿನಲ್ಲಿಯೇ ನನಗೆ ಕಣ್ಣೀರು ಬಂತು, ಮುಂದಿನ ವಾರ ಬರಲಿಲ್ಲ. ನಿರ್ದೇಶಕರು ಕಣ್ಣೀರಿನ ವಿಷಯವನ್ನೇ ಎತ್ತದೆ ಕ್ರಿಯೆಗಳನ್ನು ಬರೆದುಕೊಳ್ಳಲು ಹೇಳಿದರು. ಲಕೋಟೆಯ ಅಂಚನ್ನು ಉಗುರಿನಿಂದ ಬಿಡಿಸುವುದು, ಪತ್ರವನ್ನು ಬೆಳಕಿನ ಕಡೆಗೆ ತಿರುಗಿಸುವುದು, ಎರಡನೆಯ ಸಾಲಿಗೆ ಬಂದು ಮತ್ತೆ ಮೊದಲ ಸಾಲಿಗೆ ಹೋಗುವುದು, ಕುರ್ಚಿಗಾಗಿ ಕೈಯಿಂದಲೇ ಹುಡುಕುವುದು, ಕೂತ ಮೇಲೆ ಪತ್ರವನ್ನು ಅದು ಬಂದಿದ್ದ ಮಡಿಕೆಗಳಲ್ಲಿಯೇ ಮತ್ತೆ ಮಡಿಚುವುದು. ಮಡಿಕೆ ತಪ್ಪಬಾರದು, ತಪ್ಪಿದರೆ ಲಕೋಟೆಯೊಳಗೆ ಹೋಗುವುದಿಲ್ಲ. ಗಮನವೆಲ್ಲ ಆ ಮಡಿಕೆಯ ಮೇಲಿದ್ದಾಗ ಕೆಲವು ರಾತ್ರಿ ಕೈ ನಡುಗಿತು, ಕೆಲವು ರಾತ್ರಿ ನಡುಗಲಿಲ್ಲ. ಸಭಾಂಗಣ ಮಾತ್ರ ಪ್ರತಿ ರಾತ್ರಿಯೂ ಅದೇ ಜಾಗದಲ್ಲಿ ನಿಶ್ಶಬ್ದವಾಗುತ್ತಿತ್ತು.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಆ ದೃಶ್ಯದಲ್ಲಿ ನಿಮಗೆ ಏನನ್ನಿಸುತ್ತಿತ್ತು ಎಂದು ಕೇಳಿದರು. ಮೂರನೆಯ ಮಡಿಕೆ ಸ್ವಲ್ಪ ಓರೆಯಾಗಿದೆ ಅನ್ನಿಸುತ್ತಿತ್ತು ಸರ್ ಎಂದೆ. ಅವರು ನಕ್ಕು, ಹಾಗಾದರೆ ನಾನು ಅತ್ತದ್ದು ಯಾರಿಗಾಗಿ ಎಂದು ತಮ್ಮನ್ನೇ ಕೇಳಿಕೊಂಡಂತೆ ಗೊಣಗಿ, ಮುಂದಿನ ಪ್ರಶ್ನೆಗೆ ಹೋದರು.

ನಮ್ಮ ತರಗತಿಯವರಲ್ಲಿ ಈಗ ನಟನೆಯೊಂದರಿಂದಲೇ ಬದುಕುತ್ತಿರುವವರು ಕಡಿಮೆ. ಕೆಲವರು ಶಾಲೆಗಳಲ್ಲಿ ನಾಟಕ ಕಲಿಸುತ್ತಾರೆ, ಒಬ್ಬಾಕೆ ಬೆಳಕಿನ ವಿನ್ಯಾಸಕ್ಕೆ ಹೋದಳು, ಇನ್ನೊಬ್ಬ ಡಬ್ಬಿಂಗ್ ಮಾಡುತ್ತಾನೆ. ನನಗೆ ಮೊದಲ ಕೆಲಸ ಸಿಕ್ಕಿದ್ದು ಸ್ಟೇಜ್ ಮ್ಯಾನೇಜರ್ ಆಗಿ. ಸಂದರ್ಶನದಲ್ಲಿ ಅಭಿನಯದ ವೀಡಿಯೊವನ್ನು ಯಾರೂ ಕೇಳಲಿಲ್ಲ. ಪ್ರಾಂಪ್ಟ್ ಪುಸ್ತಕವನ್ನೂ ಪ್ರದರ್ಶನದ ವರದಿಗಳನ್ನೂ ತರಿಸಿಕೊಂಡು, ಆ ನಾಲ್ಕು ನಿಮಿಷದ ಪುಟವನ್ನು ತೋರಿಸಿ, ಮರುದಿನ ಇದನ್ನು ಹೇಗೆ ಸರಿಪಡಿಸಿದಿರಿ ಎಂದು ಕೇಳಿದರು.